ಕೀಲು ನೋವಿದ್ದರೆ ಸ್ಟೀರಿಂಗ್ ಬಿಡಲೇಬೇಕಾ?

ಓದುಗರ ಪ್ರಶ್ನೆ: ನನಗೆ 54 ವರ್ಷ. ಮುಧೋಳದಲ್ಲಿ ಮನೆ, ಲೋಕಾಪುರದ ಕಡೆ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಶಿಕ್ಷಕಿ. ಆರು ವರ್ಷದಿಂದ ರುಮಟಾಯ್ಡ್ ಸಂಧಿವಾತ ಇದೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನಾ ಹೈಡ್ರಾಕ್ಸಿಕ್ಲೋರೊಕ್ವಿನ್ ತೆಗೆದುಕೊಳ್ಳುತ್ತೇನೆ. ಹೊತ್ತಿಗೆ ಸರಿಯಾಗಿ ಬಸ್ಸು ಸಿಗುವುದಿಲ್ಲ, ಹಾಗಾಗಿ ಗೇರಿನ ಕಾರು ನಾನೇ ಓಡಿಸುತ್ತೇನೆ. ಮುಂಜಾನೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ. ಕ್ಲಚ್ ಒತ್ತಿ ಒತ್ತಿ ಎಡ ಮೊಣಕಾಲು ಹಿಡಿದುಕೊಳ್ಳುತ್ತದೆ. ಎಕ್ಸ್-ರೇ ನೋಡಿದ ಡಾಕ್ಟರು ಅಲ್ಲಿ ಸವೆತವೂ ಶುರುವಾಗಿದೆ ಎಂದರು. ರಿವರ್ಸ್ ತೆಗೆಯುವಾಗ ಕುತ್ತಿಗೆ ತಿರುಗುವುದಿಲ್ಲ. ಗಾಡಿ ಓಡಿಸಿಯೇ ಕೀಲು ಹಾಳಾಯಿತು ಅಂತ ಓಣಿಯವರು ಹೇಳುತ್ತಾರೆ. ಇನ್ನು ಸಾಕು, ಬಿಟ್ಟುಬಿಡು ಅಂತ ಮಗ ಹೇಳುತ್ತಾನೆ. ಆಟೋಮ್ಯಾಟಿಕ್ ಕಾರು ತೆಗೆದುಕೊಂಡರೆ ಸರಿಹೋಗುತ್ತದಾ? ಮುಂದೆ ಮೊಣಕಾಲಿನ ಆಪರೇಷನ್ ಆದರೆ ಓಡಿಸಬಹುದಾ? ಆರ್‌ಟಿಒದವರು ಲೈಸೆನ್ಸ್ ರದ್ದು ಮಾಡುತ್ತಾರಾ? ಗಾಡಿ ಬಿಟ್ಟರೆ ನೌಕರಿಯನ್ನೇ ಬಿಡಬೇಕಾಗುತ್ತದೆ.

ಅಕ್ಕೋರೇ, ನಿಮಗೆ ಬೇಕಾದ ಉತ್ತರ ಮೊದಲು ಹೇಳಿಬಿಡುತ್ತೇನೆ. ನೀವು ಬರೆದಷ್ಟನ್ನು ನೋಡಿದರೆ ಗಾಡಿ ಬಿಡುವ ಕಾಲ ಬಂದಿಲ್ಲ. ಆದರೆ ಈಗ ಓಡಿಸುತ್ತಿರುವ ಹಾಗೆಯೇ ಓಡಿಸಿಕೊಂಡು ಹೋಗುವುದೂ ಸರಿಯಲ್ಲ. ನಿಮ್ಮ ಪತ್ರದಲ್ಲಿ ಎರಡು ಭಯ ಒಂದಕ್ಕೊಂದು ಹೆಣೆದುಕೊಂಡಿವೆ. ಗಾಡಿ ಓಡಿಸಿದರೆ ಕೀಲು ಇನ್ನಷ್ಟು ಕೆಡುತ್ತದಾ ಅನ್ನುವುದು ಒಂದು. ಈ ಕೀಲು ಇಟ್ಟುಕೊಂಡು ರಸ್ತೆಗಿಳಿದರೆ ನನಗೂ ಎದುರಿನವರಿಗೂ ಅಪಾಯವಾ ಅನ್ನುವುದು ಇನ್ನೊಂದು. ಓಣಿಯವರು ಕೇಳುತ್ತಿರುವುದು ಮೊದಲನೆಯದು, ಮಗ ಕೇಳುತ್ತಿರುವುದು ಎರಡನೆಯದು. ಮಗನ ಮಾತಿಗೆ ತೂಕ ಜಾಸ್ತಿ. ಓಣಿಯವರದ್ದನ್ನು ಬೇಗ ಮುಗಿಸೋಣ.

ಗಾಡಿ ಓಡಿಸಿ ಯಾರಿಗೂ ರುಮಟಾಯ್ಡ್ ಬರುವುದಿಲ್ಲ. ರೋಗಾಣುಗಳಿಂದ ನಮ್ಮನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುವುದು ಈ ಕಾಯಿಲೆ. ಪೊರೆ ಊದಿಕೊಳ್ಳುತ್ತದೆ, ಕೀಲೊಳಗೆ ನೀರು ತುಂಬುತ್ತದೆ. ಅದಕ್ಕೇ ಮುಂಜಾನೆ ಬೆರಳು ಬಿಗಿದುಕೊಂಡಿರುತ್ತವೆ. ಆ ಬಿಗಿತ ಸಡಿಲಾಗಲು ಒಂದು ತಾಸು, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ಸವೆತ ಬೇರೆ ಸಮಾಚಾರ. ಎಲುಬಿನ ತುದಿಗೆ ಇರುವ ಮೆತ್ತನೆಯ ಮೃದ್ವಸ್ಥಿ ತೆಳುವಾಗುತ್ತಾ ಹೋಗುತ್ತದೆ. ವಯಸ್ಸು, ಮೈತೂಕ, ಮನೆತನದಿಂದ ಬಂದದ್ದು, ಯಾವಾಗಲೋ ಆದ ಪೆಟ್ಟು, ವರ್ಷಾನುಗಟ್ಟಲೆ ಕುಕ್ಕರಗಾಲಲ್ಲಿ ಕೂತು ಮಾಡಿದ ಕೆಲಸ, ಇವೆಲ್ಲ ಸೇರಿ ಅದನ್ನು ತರುತ್ತವೆ. ಅದರ ಬಿಗಿತ ಸಾಮಾನ್ಯವಾಗಿ ಅರ್ಧ ತಾಸಿನೊಳಗೆ ಬಿಡುತ್ತದೆ, ಆದರೆ ಕೂತಲ್ಲೇ ಕೂತರೆ ಮತ್ತೆ ಹಿಡಿದುಕೊಳ್ಳುತ್ತದೆ. ನಿಮಗೆ ಎರಡೂ ಇವೆ. ಕೈಬೆರಳಿನದು ಮೊದಲನೆಯದು, ಎಡ ಮೊಣಕಾಲಿನಲ್ಲಿ ಎರಡೂ ಸೇರಿರಬಹುದು.

ಹಾಗಾದರೆ ಕ್ಲಚ್ಚಿನ ತಪ್ಪು ಏನೂ ಇಲ್ಲವಾ? ಇದೆ. ಅದು ಸವೆತವನ್ನು ಹುಟ್ಟಿಸುವುದಿಲ್ಲ, ಇರುವ ನೋವನ್ನು ಕೆರಳಿಸುತ್ತದೆ. ಮೊಣಕಾಲು ಮಡಚಿಕೊಂಡು ಬಲ ಹಾಕಿದಾಗ ಮೊಣಕಾಲಿನ ಚಿಪ್ಪು ತೊಡೆಯ ಎಲುಬಿನ ಮೇಲೆ ಜೋರಾಗಿ ಒತ್ತುತ್ತದೆ. ಸೀಟು ತೀರಾ ಮುಂದೆ ಎಳೆದುಕೊಂಡು ಕೂತವರಿಗೆ ಈ ಒತ್ತಡ ಇನ್ನೂ ಹೆಚ್ಚು. ಅದರ ಮೇಲೆ ನಿಮ್ಮ ದಾರಿ ಎಂಥದ್ದು ಗೊತ್ತಲ್ಲ. ಕಬ್ಬಿನ ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಹಿಂದೆ ಮೊದಲನೇ ಗೇರು, ಎರಡನೇ ಗೇರು, ಅರ್ಧ ಕ್ಲಚ್ಚಿನಲ್ಲೇ ತೆವಳಬೇಕು. ನೋಯದೆ ಇನ್ನೇನಾಗುತ್ತದೆ? ಇಲ್ಲೊಂದು ಮಾತು. ಹಳೆಯ ಗಾಡಿಯಲ್ಲಿ ಕ್ಲಚ್ ಪ್ಲೇಟ್ ಸವೆದಿದ್ದರೆ ಅಥವಾ ಕೇಬಲ್ ಬಿಗಿಯಾಗಿದ್ದರೆ ಪೆಡಲ್ ತಾನಾಗಿಯೇ ಗಟ್ಟಿಯಾಗುತ್ತದೆ. ದಿನಾ ಒತ್ತುವವರಿಗೆ ಅದು ಗೊತ್ತೇ ಆಗುವುದಿಲ್ಲ. ಕಾರು ಬದಲಿಸುವ ಯೋಚನೆಗೆ ಮೊದಲು ಮೆಕ್ಯಾನಿಕ್‌ಗೆ ಒಮ್ಮೆ ತೋರಿಸಿ. ಕೆಲವರ ಮೊಣಕಾಲಿನ ನೋವು ಗ್ಯಾರೇಜಿನಲ್ಲೇ ಅರ್ಧ ಇಳಿದದ್ದನ್ನು ನಾನು ನೋಡಿದ್ದೇನೆ.

ಪೂರ್ತಿ ವಿಶ್ರಾಂತಿ ಕೊಟ್ಟರೆ ಕೀಲು ಉಳಿಯುತ್ತದೆ ಅನ್ನುವುದೂ ತಪ್ಪು ತಿಳಿವಳಿಕೆ. ಮೃದ್ವಸ್ಥಿಗೆ ರಕ್ತನಾಳ ಇಲ್ಲ. ಕೀಲು ಆಡಿದಾಗ ಒಳಗಿನ ದ್ರವ ಓಡಾಡಿ ಅದಕ್ಕೆ ಆಹಾರ ಮುಟ್ಟುತ್ತದೆ. ಗಾಡಿ ಬಿಟ್ಟು ಮನೆಯಲ್ಲೇ ಕೂತರೆ ತೊಡೆಯ ಸ್ನಾಯು ಸೊರಗುತ್ತದೆ, ಆಗ ಮೊಣಕಾಲು ಇನ್ನೂ ನೋಯುತ್ತದೆ.

ಈಗ ಮಗನ ಪ್ರಶ್ನೆ. ಇಲ್ಲಿ ಎಲ್ಲರೂ ತಪ್ಪು ಅಳತೆ ಹಿಡಿಯುತ್ತಾರೆ. ನೋವು ಇದೆಯಾ ಇಲ್ಲವಾ ಅಂತ ಕೇಳುತ್ತಾರೆ. ಸಂಧಿವಾತ ಇರುವವರಿಗೆ ಸ್ವಲ್ಪ ನೋವು ಇದ್ದೇ ಇರುತ್ತದೆ, ಅಷ್ಟಕ್ಕೇ ಗಾಡಿ ಬಿಡಬೇಕಿಲ್ಲ. ನಾನು ಕೇಳುವುದು ಬೇರೆ: ಈ ಹೊತ್ತಿನಲ್ಲಿ, ಈ ಬಲಗಾಲಿನಿಂದ, ಯೋಚನೆ ಮಾಡದೆ ಬ್ರೇಕನ್ನು ತಳದವರೆಗೆ ತುಳಿಯಲು ಆಗುತ್ತದಾ? ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ. ನೋವಿಗೆ ಹೆದರಿ ಕಾಲು ಅರ್ಧ ಸೆಕೆಂಡ್ ತಡ ಮಾಡಿದರೆ 11 ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಬಸ್ಸಿನ ಉದ್ದ. ಟ್ರೇಲರ್ ಹಿಂದೆ ಲೈಟ್ ಇರುವುದಿಲ್ಲ, ರಿಫ್ಲೆಕ್ಟರ್ ಇರುವುದಿಲ್ಲ. ಅಲ್ಲಿ ಈ ಅರ್ಧ ಸೆಕೆಂಡೇ ಎಲ್ಲ.

ಇದನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ನ್ಯೂಟ್ರಲ್‌ಗೆ ತಂದು ಹ್ಯಾಂಡ್ ಬ್ರೇಕ್ ಎಳೆಯಿರಿ, ಇಂಜಿನ್ ಚಾಲೂ ಇರಲಿ. ಇಂಜಿನ್ ಬಂದ್ ಆದರೆ ಬ್ರೇಕಿಗೆ ಸಿಗುವ ಸಹಾಯ ನಿಂತು ಪೆಡಲ್ ಕಲ್ಲಿನಂತಾಗುತ್ತದೆ, ಆಗ ಪರೀಕ್ಷೆ ಸರಿಬರುವುದಿಲ್ಲ. ಬಲಗಾಲನ್ನು ಆಕ್ಸಿಲರೇಟರ್ ಮೇಲೆ ಸುಮ್ನೆ ಇಟ್ಟುಕೊಳ್ಳಿ, ಒತ್ತಬೇಡಿ. ಮಗನನ್ನು ಪಕ್ಕ ಕೂರಿಸಿಕೊಳ್ಳಿ. ಅದೂ ಇದೂ ಮಾತಾಡುತ್ತಾ ನಡುವೆ ಯಾವಾಗಲೋ ಅವನು "ಬ್ರೇಕ್" ಅನ್ನಲಿ. ನೀವು ಕಾಲೆತ್ತಿ ಜೋರಾಗಿ ತುಳಿದು ಹಿಡಿದುಕೊಳ್ಳಿ. ಹೀಗೆ ಎಂಟ್ಹತ್ತು ಸಲ. ಕಾಲು ಎತ್ತುವ ಮೊದಲು ಅಳುಕಿದಿರಾ? ಪಾದವನ್ನು ಕೈಯಿಂದ ಜರುಗಿಸಬೇಕು ಅನ್ನಿಸಿತಾ? ಕೊನೆಗೆ ಬರುಬರುತ್ತಾ ಬಲ ಕುಂದಿತಾ? ಇದರಲ್ಲಿ ಒಂದು ಹೌದಾದರೂ ಅಂದು ಸ್ಟೀರಿಂಗ್ ಹಿಂದೆ ಕೂರಬೇಡಿ. ಇದು ಆಸ್ಪತ್ರೆಯ ಪರೀಕ್ಷೆಗೆ ಬದಲಿ ಅಲ್ಲ, ಆದರೆ ದಿನದ ನಿರ್ಧಾರಕ್ಕೆ ಸಾಕು. ಈಗ ನೋಯುತ್ತಿರುವುದು ನಿಮ್ಮ ಎಡಗಾಲು, ಅದು ಒಂದು ಸಮಾಧಾನ. ಆದರೆ ರುಮಟಾಯ್ಡ್ ಎರಡೂ ಕಡೆ ಬರುವ ಕಾಯಿಲೆ. ಬಲ ಪಾದದ ಗಂಟು ಊದಿದ ದಿನ ಈ ಪರೀಕ್ಷೆಯನ್ನು ತಪ್ಪಿಸಬೇಡಿ.

ಇದೇ ಕಾರಣಕ್ಕೆ ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ಇಂಜಿನ್ ಬಂದ್ ಮಾಡಿ ಗಾಡಿ ಬಿಡುವ ರೂಢಿ ಇದ್ದರೆ ಇವತ್ತೇ ನಿಲ್ಲಿಸಿ. ಬ್ರೇಕೂ ಗಟ್ಟಿ, ಸ್ಟೀರಿಂಗೂ ಗಟ್ಟಿ. ಗಟ್ಟಿಮುಟ್ಟಾದವರಿಗೇ ಅದು ಅಪಾಯ.

ಹೊತ್ತಿನ ಮಾತಿಗೆ ಬರೋಣ. ಉಳಿದ ದಿನ ನಿಮ್ಮ ಶಾಲೆ ಹತ್ತು ಗಂಟೆಯ ಹೊತ್ತಿಗೆ ಶುರು, ಅಷ್ಟರಲ್ಲಿ ಬೆರಳು ಸಡಿಲಾಗಿರುತ್ತವೆ. ಕಷ್ಟ ಶನಿವಾರದ್ದು. ಮುಂಜಾನೆ ಶಾಲೆ ಅಂತ ಏಳು ಗಂಟೆಗೇ ಹೊರಟರೆ ಬಿಗಿತ ತುಂಬಾ ಇರುವ ಹೊತ್ತಿನಲ್ಲೇ ನೀವು ಸ್ಟೀರಿಂಗ್ ಹಿಡಿದಿರುತ್ತೀರಿ. ಶನಿವಾರ ಒಂದು ತಾಸು ಮೊದಲೇ ಏಳಿ. ಕೈಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನಿಧಾನಕ್ಕೆ ಮುಷ್ಟಿ ಕಟ್ಟಿ ಬಿಡಿಸಿ. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲು ನೇರ ಚಾಚಿ ಐದು ಸೆಕೆಂಡ್ ಹಿಡಿದು ಇಳಿಸಿ. ಪಾದ ಮೇಲೆ ಕೆಳಗೆ ಆಡಿಸಿ. ಬಾಗಿಲ ಚಿಲಕ, ನೀರಿನ ಬಾಟಲಿಯ ಮುಚ್ಚಳ ಸಲೀಸಾಗಿ ತಿರುಗಿದರೆ ಹೊರಡಿ. ಆಗಲೂ ಆಗದಿದ್ದರೆ ಶನಿವಾರಕ್ಕೊಂದು ಬೇರೆ ವ್ಯವಸ್ಥೆ ಮಾಡಿಕೊಳ್ಳಿ. ಆ ದಾರಿಯಲ್ಲಿ ಹೋಗುವ ಇನ್ನೊಬ್ಬ ಮಾಸ್ತರು ಇದ್ದೇ ಇರುತ್ತಾರೆ. ಪೆಟ್ರೋಲಿನ ಖರ್ಚು ಹಂಚಿಕೊಂಡು ಅಂದು ಅವರ ಗಾಡಿಯಲ್ಲಿ ಹೋಗಬಹುದು.

ಮೆಥೊಟ್ರೆಕ್ಸೇಟ್ ಯಾವ ದಿನ ತೆಗೆದುಕೊಳ್ಳುತ್ತೀರಿ ಅಂತ ಬರೆದಿಲ್ಲ. ಕೆಲವರಿಗೆ ಮಾರನೇ ದಿನ ಸುಸ್ತು, ಹೊಟ್ಟೆ ತೊಳೆಸುವುದು, ತಲೆ ಮಂಕು ಇರುತ್ತದೆ. ನಿಮಗೂ ಹಾಗಾಗುತ್ತಿದ್ದರೆ ಶನಿವಾರ ರಾತ್ರಿ ತೆಗೆದುಕೊಳ್ಳಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ, ಸುಸ್ತೆಲ್ಲ ಭಾನುವಾರಕ್ಕೆ ಹೋಗುತ್ತದೆ. ನೀವಾಗಿಯೇ ದಿನ ಬದಲಿಸಬೇಡಿ. ಇದು ವಾರಕ್ಕೊಂದೇ ದಿನದ ಔಷಧ. ಲೆಕ್ಕ ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಕುತ್ತು.

ನೋವಿನ ಗುಳಿಗೆಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಗಾಡಿ ವಿಚಾರದಲ್ಲಿ ನನಗೆ ಕೀಲಿಗಿಂತ ಗುಳಿಗೆಯದ್ದೇ ಜಾಸ್ತಿ ಚಿಂತೆ. ಪ್ಯಾರಾಸಿಟಮಾಲ್ ನಿದ್ದೆ ತರುವುದಿಲ್ಲ. ಟ್ರಮಡಾಲ್, ಪ್ರೆಗಾಬಲಿನ್, ಗ್ಯಾಬಾಪೆಂಟಿನ್, ಅಮಿಟ್ರಿಪ್ಟಿಲಿನ್ ತರುತ್ತವೆ. ಸ್ನಾಯು ಸಡಿಲಿಸುವ ಟಿಜಾನಿಡಿನ್, ಕ್ಲೋರ್‌ಜಾಕ್ಸಜೋನ್, ಥಯೋಕಾಲ್ಚಿಕೋಸೈಡ್ ಕೂಡ ಮಂಪರು ತರಬಹುದು. ತೊಂದರೆ ಏನೆಂದರೆ ಇವು ಒಂಟಿಯಾಗಿ ಬರುವುದಿಲ್ಲ. ಮೆಡಿಕಲ್ ಅಂಗಡಿಯಲ್ಲಿ "ಸೊಂಟ ನೋವಿಗೆ ಒಂದು ಕೊಡ್ರಿ" ಅಂದರೆ ಕೊಡುವ ಗುಳಿಗೆಯಲ್ಲಿ ನೋವಿನ ಔಷಧದ ಜೊತೆ ಇವೂ ಸೇರಿರುತ್ತವೆ. ಪಟ್ಟಿಯ ಹಿಂಬದಿ ತಿರುಗಿಸಿ ಓದಿ. ಹೊಸದಾಗಿ ಶುರು ಮಾಡಿದ ಯಾವುದೇ ಇಂಥ ಗುಳಿಗೆ ಮೈಗೆ ಹೇಗೆ ಹಿಡಿಸುತ್ತದೆ ಅಂತ ಗೊತ್ತಾಗುವವರೆಗೆ ಗಾಡಿ ಮುಟ್ಟಬೇಡಿ. ರಾತ್ರಿ ನುಂಗಿದ್ದು ಮುಂಜಾನೆಗೂ ಉಳಿದಿರಬಹುದು. ನೆಗಡಿಗೆ ತೆಗೆದುಕೊಳ್ಳುವ ಸೆಟಿರಿಜಿನ್‌ಗೂ ಇದೇ ಮಾತು. ಉರಿಯೂತ ಇಳಿಸುವ ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ಗುಳಿಗೆಗಳು ಮಂಪರು ತರುವುದು ಕಡಿಮೆ, ಆದರೆ ಮೆಥೊಟ್ರೆಕ್ಸೇಟ್ ಜೊತೆ ಅವನ್ನು ಡಾಕ್ಟರಿಗೆ ತಿಳಿಸದೆ ನುಂಗಬಾರದು. ಹೊಟ್ಟೆಗೂ ಮೂತ್ರಪಿಂಡಕ್ಕೂ ಅದು ಭಾರ. ಹೆಸರಿಲ್ಲದ ಪುಡಿ, ಪೊಟ್ಟಣದ ಮದ್ದು ಬೇಡವೇ ಬೇಡ. ಎರಡೇ ದಿನದಲ್ಲಿ ನೋವು ಮಾಯ ಅಂದರೆ ಅದರೊಳಗೆ ಸ್ಟೀರಾಯ್ಡ್ ಇರುವ ಸಂಶಯ ಪಡಬೇಕು.

ಕಣ್ಣನ್ನು ನೀವು ಪತ್ರದಲ್ಲಿ ಎತ್ತಿಲ್ಲ, ನಾನೇ ಎತ್ತುತ್ತೇನೆ. ರುಮಟಾಯ್ಡ್ ಇರುವ ಸುಮಾರು ಜನರಿಗೆ ಕಣ್ಣೀರು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಮರಳು ಬಿದ್ದಂತೆ ಚುಚ್ಚುವುದು, ಎದುರಿನ ಲೈಟು ಚದುರಿ ಕಾಣುವುದು ಅದರ ಗುರುತು. ಲೋಕಾಪುರದ ಕಡೆ ಸಿಮೆಂಟ್ ಲಾರಿಗಳ ಧೂಳು, ಮೇಲೆ ಮುಖಕ್ಕೆ ನೇರವಾಗಿ ಬಡಿಯುವ ಎಸಿ ಗಾಳಿ, ಎರಡೂ ಸೇರಿದರೆ ಕೇಳುವುದೇ ಬೇಡ. ಎಸಿಯ ಜಾಲರಿಯನ್ನು ಮುಖದಿಂದ, ಕೈ ಮೊಣಕಾಲಿನಿಂದಲೂ ಆಚೆ ತಿರುಗಿಸಿ. ಕಣ್ಣಿಗೆ ಹಾಕುವ ಹನಿ ಬೇಕಾ ಅಂತ ಕಣ್ಣಿನ ಡಾಕ್ಟರನ್ನು ಕೇಳಿ. ಹೈಡ್ರಾಕ್ಸಿಕ್ಲೋರೊಕ್ವಿನ್ ತೆಗೆದುಕೊಳ್ಳಲು ಹಿಡಿದು 5 ವರ್ಷ ದಾಟಿದವರು ವರ್ಷಕ್ಕೊಮ್ಮೆ ಕಣ್ಣಿನ ಹಿಂಪದರ, ಅಂದರೆ ರೆಟಿನಾ, ಪರೀಕ್ಷೆ ಮಾಡಿಸಲೇಬೇಕು. ಕಾಯಿಲೆ ಶುರುವಾದಾಗಿನಿಂದಲೇ ತೆಗೆದುಕೊಳ್ಳುತ್ತಿದ್ದರೆ ನಿಮಗೆ 6 ವರ್ಷ ಆಗಿದೆ. ಈ ವರ್ಷದ್ದು ಆಗಿದೆಯಾ ನೋಡಿಕೊಳ್ಳಿ. ರಾತ್ರಿ ಪ್ರಯಾಣವನ್ನು ಸದ್ಯಕ್ಕೆ ಬಿಟ್ಟುಬಿಡಿ, ಅದರಲ್ಲೂ ಕಬ್ಬಿನ ಹಂಗಾಮಿನಲ್ಲಿ.

ಕುತ್ತಿಗೆ ತಿರುಗುವುದಿಲ್ಲ ಅಂದಿರಿ. ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ರುಮಟಾಯ್ಡ್ ಹಳತಾದಾಗ ಕೆಲವರಲ್ಲಿ ಕುತ್ತಿಗೆಯ ಮೇಲಿನ ಎರಡು ಎಲುಬಿನ ನಡುವಿನ ಕಟ್ಟು ಸಡಿಲವಾಗುತ್ತದೆ. ಹಾಗಿದ್ದವರಿಗೆ ಜೋರು ಬ್ರೇಕು, ಹಂಪಿನ ಕುಲುಕಾಟ, ಹಿಂದಿನಿಂದ ಬಂದು ತಾಕಿದ ಗಾಡಿ, ಎಲ್ಲವೂ ಅಪಾಯ. ತಲೆಯ ಹಿಂಬದಿ ನೋವು, ಕೈಯಲ್ಲಿ ಜುಮುಗುಟ್ಟುವುದು, ನಡೆಯುವಾಗ ಕಾಲು ತೂರಾಡುವುದು ಇದ್ದರೆ ಗಾಡಿ ನಿಲ್ಲಿಸಿ ತಕ್ಷಣ ತೋರಿಸಿ. ಏನೂ ಇಲ್ಲದಿದ್ದರೂ ಒಮ್ಮೆ ಕುತ್ತಿಗೆ ಬಗ್ಗಿಸಿ ಮತ್ತು ಎತ್ತಿ ತೆಗೆಸುವ ಎಕ್ಸ್-ರೇ ಮಾಡಿಸಿಕೊಳ್ಳಿ. ಅದರ ವರದಿ ಬರುವವರೆಗೆ ಯಾರ ಕೈಯಲ್ಲೂ ಕುತ್ತಿಗೆ ಲಟಿಕೆ ತೆಗೆಸಿಕೊಳ್ಳಬೇಡಿ, ಎಣ್ಣೆ ಹಚ್ಚಿ ತಿರುವಿಸಿಕೊಳ್ಳಬೇಡಿ. ಕಟ್ಟು ಗಟ್ಟಿ ಇದೆ, ಬರೀ ಬಿಗಿತ ಅಂತ ಖಾತ್ರಿಯಾದ ಮೇಲೆ ಕುತ್ತಿಗೆಯ ವ್ಯಾಯಾಮ. ಅಲ್ಲಿಯವರೆಗೆ ಗಾಡಿಯೇ ನಿಮಗೆ ನೆರವಾಗಲಿ. ರಿವರ್ಸ್ ಕ್ಯಾಮೆರಾ ಹಾಕಿಸಿ. ಪಕ್ಕದ ಕನ್ನಡಿಗಳ ಮೂಲೆಗೆ ಅಂಟಿಸುವ ಸಣ್ಣ ಉಬ್ಬುಗನ್ನಡಿ ಸಿಗುತ್ತದೆ, ಎರಡೂ ಕಡೆ ಅಂಟಿಸಿ. ಅದರಲ್ಲಿ ಗಾಡಿಗಳು ಇರುವುದಕ್ಕಿಂತ ದೂರ ಕಾಣುತ್ತವೆ, ಆ ಅಂದಾಜು ಕುದುರಲು ಒಂದೆರಡು ವಾರ ಬೇಕು. ಶಾಲೆಯ ಅಂಗಳದಲ್ಲಿ ಗಾಡಿಯನ್ನು ಮುಖ ಹೊರಗೆ ಮಾಡಿ ನಿಲ್ಲಿಸಿ. ಮಕ್ಕಳೆಲ್ಲ ಹೊರಬೀಳುವ ಹೊತ್ತಿಗೆ ರಿವರ್ಸ್ ತೆಗೆಯುವ ಪ್ರಸಂಗವೇ ಬೇಡ. ಸೀಟಿನ ಮೇಲಿನ ತಲೆದಿಂಬನ್ನು ಕುತ್ತಿಗೆಯ ಮಟ್ಟಕ್ಕೆ ಇಡದೆ ತಲೆಯ ಹಿಂಬದಿಗೆ ಸರಿಯಾಗಿ ಬರುವಂತೆ ಎತ್ತರಿಸಿ.

ಇನ್ನು ಕೂರುವ ಕ್ರಮ. ಗಾಡಿ ಹತ್ತುವಾಗ ಒಂದು ಕಾಲು ಒಳಗಿಟ್ಟು ಮೈ ತಿರುಚಬೇಡಿ. ಸೀಟಿಗೆ ಬೆನ್ನು ಮಾಡಿ ಮೊದಲು ಕೂತುಬಿಡಿ, ಆಮೇಲೆ ಎರಡೂ ಮೊಣಕಾಲು ಜೋಡಿಸಿ ಒಟ್ಟಿಗೆ ಒಳಗೆ ತಿರುಗಿಸಿ. ತಿರುಗುವುದು ಸಲೀಸಾಗಲಿ ಅಂತ ಕೆಲವರು ಸೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ, ನುಣುಪು ಬಟ್ಟೆ ಹಾಸುತ್ತಾರೆ. ಹಾಸಿ, ಆದರೆ ಹೊರಡುವ ಮೊದಲು ತೆಗೆದುಬಿಡಿ. ಅದರ ಮೇಲೆ ಕೂತು ಜೋರಾಗಿ ಬ್ರೇಕ್ ಹಾಕಿದರೆ ಮೈ ಬೆಲ್ಟಿನ ಕೆಳಗೆ ಜಾರುತ್ತದೆ. ಸೊಂಟ ಮೊಣಕಾಲಿಗಿಂತ ತುಸು ಮೇಲೆ ಇರಬೇಕು. ಸೀಟು ತಗ್ಗಾಗಿದ್ದರೆ ಗಟ್ಟಿ ಫೋಮಿನ ದಿಂಬು ಇಡಿ. ಮೆತ್ತನೆಯ ಹತ್ತಿ ದಿಂಬು ಕುಸಿದು ಸೊಂಟವನ್ನೇ ತಿರುಚುತ್ತದೆ. ಬ್ರೇಕನ್ನು ಪೂರ್ತಿ ತುಳಿದಾಗಲೂ ಮೊಣಕಾಲು ಸ್ವಲ್ಪ ಮಡಚಿಯೇ ಇರುವಷ್ಟು ದೂರಕ್ಕೆ ಸೀಟು ಇರಲಿ. ಎದೆಗೂ ಸ್ಟೀರಿಂಗಿನ ನಡುವಿಗೂ ಸುಮಾರು 25 ಸೆಂ.ಮೀ. ಅಂತರ ಬಿಡಿ, ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಅಷ್ಟು ಜಾಗ ಬೇಕು. ಕ್ಲಚ್ ಬೇಡದಾಗ ಎಡಗಾಲನ್ನು ಅದರ ಮೇಲೆ ಇಡದೆ ಪಕ್ಕದ ನೆಲದ ಮೇಲೆ ಇಡಿ.

ಬೆಲ್ಟ್ ಎಳೆಯಲು ಬಲಗೈಯನ್ನು ಹಿಂದಕ್ಕೆ ತಿರುಚಬೇಡಿ. ಎಡಗೈಯನ್ನು ಎದೆಯ ಮುಂದಿನಿಂದ ತಂದು ಎಳೆಯಿರಿ. ಬಿಚ್ಚುವ ಕೆಂಪು ಗುಂಡಿಯನ್ನು ಹೆಬ್ಬೆರಳಿನ ತುದಿಯಿಂದ ಒತ್ತಿದರೆ ಅದರ ಬುಡದ ಕೀಲು ನೋಯುತ್ತದೆ. ಮುಷ್ಟಿ ಕಟ್ಟಿ ಗೆಣ್ಣಿನಿಂದ ಒತ್ತಿ. ಭುಜಕ್ಕೆ ಒತ್ತುತ್ತದೆ ಅಂತ ಬೆಲ್ಟನ್ನು ಕಂಕುಳ ಕೆಳಗೆ ಹಾಕಿಕೊಳ್ಳುವುದು, ಕ್ಲಿಪ್ ಹಾಕಿ ಸಡಿಲ ಮಾಡುವುದು ಎರಡೂ ತಪ್ಪು. ಬೆಲ್ಟಿಗೆ ಮೆತ್ತನೆಯ ತೆಳು ಬಟ್ಟೆಯ ಕವರ್ ಸುತ್ತಿ, ಅಷ್ಟೇ. ತೆಳ್ಳನೆಯ ಸ್ಟೀರಿಂಗ್ ಹಿಡಿಯಲು ಬೆರಳು ಬಿಗಿಯಾಗಿ ಮಡಚಬೇಕಾಗುತ್ತದೆ. ದಪ್ಪ, ಒರಟು ಮೈಯ ಕವರ್ ಹಾಕಿಸಿದರೆ ಅಷ್ಟು ಬಿಗಿ ಬೇಕಿಲ್ಲ. ಆದರೆ ಕವರ್ ಸುತ್ತ ಬಿಗಿಯಾಗಿ ಕೂತಿರಬೇಕು. ತಿರುಗುವಾಗ ಕವರ್ ಒಂದೇ ಜಾರಿದರೆ ಗಾಡಿ ಕೈತಪ್ಪುತ್ತದೆ. ಗಡಿಯಾರದ 9 ಮತ್ತು 3ರ ಜಾಗದಲ್ಲಿ ಕೈ ಇಡಿ, ಭುಜ ಸೋತಾಗ ಸ್ವಲ್ಪ ಕೆಳಗೆ ಇಳಿಸಿ. ನಿಂತ ಗಾಡಿಯಲ್ಲಿ ಸ್ಟೀರಿಂಗ್ ತಿರುಗಿಸಬೇಡಿ, ಚಕ್ರ ತುಸು ಉರುಳುತ್ತಿರುವಾಗ ತಿರುಗಿಸಿ. ಮಣಿಕಟ್ಟಿನ ಭಾರ ಅರ್ಧ ಇಳಿಯುತ್ತದೆ. ಟೈರಿನಲ್ಲಿ ಗಾಳಿ ಕಡಿಮೆ ಇದ್ದರೂ ಸ್ಟೀರಿಂಗ್ ಭಾರವಾಗುತ್ತದೆ, ಪೆಟ್ರೋಲ್ ಬಂಕಿಗೆ ಹೋದಾಗ ನೋಡಿಸಿ. ಗೇರನ್ನು ಬೆರಳಲ್ಲಿ ಹಿಡಿದು ಎಳೆಯದೆ ಅಂಗೈಯಿಂದ ತಳ್ಳಿ. ಮಣಿಕಟ್ಟಿನ ಗಟ್ಟಿ ಪಟ್ಟಿ ಹಾಕಿಕೊಂಡು ಓಡಿಸಬೇಡಿ, ಅದು ಸ್ಟೀರಿಂಗ್ ತಿರುಗಿಸಲು ಬಿಡುವುದಿಲ್ಲ. ಮೊಣಕಾಲಿಗೆ ತೆಳುವಾದ ನೀ ಕ್ಯಾಪ್ ಪರವಾಗಿಲ್ಲ, ಕಬ್ಬಿಣದ ಪಟ್ಟಿ ಇರುವುದು ಬಲಗಾಲಿಗೆ ಬೇಡ.

ಕಾಲಿಗೆ ಏನು ಹಾಕಿಕೊಳ್ಳುತ್ತೀರಿ? ಅಥಣಿಯ ಚಪ್ಪಲಿ ನಮಗೆಲ್ಲ ಪ್ರೀತಿಯದ್ದೇ. ಪೆಡಲ್ ಮೇಲೆ ಮಾತ್ರ ಬೇಡ. ಗಟ್ಟಿ ತೊಗಲಿನ ಅಟ್ಟೆ ಜಾರುತ್ತದೆ, ಹಿಮ್ಮಡಿಗೆ ಹಿಡಿತವಿಲ್ಲ. ಹಿಂದೆ ಪಟ್ಟಿ ಇರುವ, ತೆಳು ಅಟ್ಟೆಯ ಬೂಟು ಗಾಡಿಯಲ್ಲೇ ಒಂದು ಜೊತೆ ಇಟ್ಟಿರಿ, ಕಳಚಿದ ಚಪ್ಪಲಿಯನ್ನು ಹಿಂದಿನ ಸೀಟಿನ ಕೆಳಗೆ ಹಾಕಿ. ಪೆಡಲ್ ಹತ್ತಿರ ಬಿಟ್ಟರೆ ಅದು ಉರುಳಿ ಬ್ರೇಕಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಸೀರೆ ಉಟ್ಟ ದಿನ ನೆರಿಗೆಯನ್ನು ತುಸು ಮೇಲೆತ್ತಿ ತೊಡೆಯ ಕೆಳಗೆ ಸಿಕ್ಕಿಸಿ ಕೂತುಕೊಳ್ಳಿ.

ಇಷ್ಟು ಮಾಡಿದ ಮೇಲೂ ಎಡ ಮೊಣಕಾಲು ತಡೆಯದಿದ್ದರೆ ಆಟೋಮ್ಯಾಟಿಕ್ ನಿಮಗೆ ಖಂಡಿತ ಒಪ್ಪುತ್ತದೆ. ಕಡಿಮೆ ಬೆಲೆಗೆ ಸಿಗುವುದು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮ ದೇಶಕ್ಕೆ ಬಂದದ್ದು ಇದೇ. ಒಳಗೆ ಮಾಮೂಲಿ ಗೇರುಪೆಟ್ಟಿಗೆಯೇ ಇರುತ್ತದೆ, ಕ್ಲಚ್ ಒತ್ತುವ ಕೆಲಸ ಯಂತ್ರ ಮಾಡುತ್ತದೆ. ಗೇರು ಬದಲಾಗುವಾಗ ಮೈ ತುಸು ಮುಂದೆ ಹಿಂದೆ ತೂಗುತ್ತದೆ, ಕುತ್ತಿಗೆ ನೋವು ಇದ್ದವರಿಗೆ ಅದು ಕಿರಿಕಿರಿ. ಏರಿನಲ್ಲಿ ನಿಲ್ಲಿಸಿದರೆ ಕೆಲವು ಗಾಡಿ ಹಿಂದಕ್ಕೆ ಸರಿಯುತ್ತವೆ, ಹಾಗಾಗಿ ಅದನ್ನು ತಡೆಯುವ ಹಿಲ್ ಹೋಲ್ಡ್ ಇದೆಯಾ ಅಂತ ಕೇಳಿ. ಸಿವಿಟಿ, ಟಾರ್ಕ್ ಕನ್ವರ್ಟರ್ ಅನ್ನುವ ಬೇರೆ ಬಗೆಯ ಆಟೋಮ್ಯಾಟಿಕ್ ಗಾಡಿಗಳು ನಯವಾಗಿ ಓಡುತ್ತವೆ, ಬೆಲೆ ಜಾಸ್ತಿ. ನಿಮ್ಮ ಕುತ್ತಿಗೆಯನ್ನು ನೋಡಿದರೆ, ಕೈಗೆಟುಕುವುದಾದರೆ ನಾನು ಇವನ್ನೇ ಹೇಳುತ್ತೇನೆ. ಕೀ ತಿರುಗಿಸುವ ಬದಲು ಗುಂಡಿ ಒತ್ತಿ ಚಾಲೂ ಮಾಡುವುದು ಇದ್ದರೆ ನಿಮ್ಮ ಬೆರಳಿಗೆ ಒಳ್ಳೆಯದು. ಟೆಸ್ಟ್ ಡ್ರೈವನ್ನು ಶಾಲೆ ಬಿಟ್ಟು ಬಂದ ಸಂಜೆ ಮಾಡಿ, ದಣಿವಿಲ್ಲದಾಗ ಎಲ್ಲ ಗಾಡಿಯೂ ಚೆನ್ನಾಗಿಯೇ ಅನ್ನಿಸುತ್ತವೆ.

ಆಟೋಮ್ಯಾಟಿಕ್‌ನಲ್ಲೂ ಒಂದು ಅಪಾಯ ಇದೆ. ವರ್ಷಗಟ್ಟಲೆ ಕ್ಲಚ್ ತುಳಿದ ಎಡಗಾಲು ಗಾಬರಿಯಲ್ಲಿ ತಾನಾಗಿಯೇ ಮುಂದೆ ಹೋಗಿ ಬ್ರೇಕ್ ತುಳಿಯುತ್ತದೆ. ಬಲಗಾಲು ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ತುಳಿದ ಘಟನೆಗಳೂ ಉಂಟು. ಭಾನುವಾರ ಖಾಲಿ ಇರುವ ಯಾವುದಾದರೂ ದೊಡ್ಡ ಮೈದಾನದಲ್ಲಿ ನಾಲ್ಕಾರು ಸಲ ಅಭ್ಯಾಸ ಮಾಡಿ. ಎಡಗಾಲನ್ನು ಹಿಂದಕ್ಕೆ ಎಳೆದು ಇಟ್ಟುಕೊಳ್ಳಿ. ಪೂರ್ತಿ ಒಗ್ಗುವವರೆಗೆ ಸಂತೆಯ ದಿನ ಪೇಟೆಯೊಳಗೆ ಹೋಗಬೇಡಿ.

ಕೈಯಿಂದಲೇ ಬ್ರೇಕು, ಆಕ್ಸಿಲರೇಟರ್ ನಡೆಸುವ ಜೋಡಣೆಯ ಬಗ್ಗೆಯೂ ಯಾರಾದರೂ ಹೇಳಬಹುದು. ಅದು ಕಾಲು ಸೋತು ಕೈ ಗಟ್ಟಿ ಇದ್ದವರಿಗೆ. ನಿಮ್ಮ ಕೈಯೇ ಕಾಯಿಲೆಯ ಮನೆ, ಆದ್ದರಿಂದ ನಿಮಗೆ ಬೇಡ. ಬೇಕಾದವರು ಸುಮ್ನೆ ಗ್ಯಾರೇಜಿನಲ್ಲಿ ಹಾಕಿಸಿಕೊಳ್ಳದೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಿಸಬೇಕು. ಸ್ಕೂಟಿಗೆ ಮರಳುವ ಯೋಚನೆ ಇದ್ದರೆ ಅದನ್ನೂ ಬಿಡಿ. ಬ್ರೇಕೆಲ್ಲ ಬೆರಳ ಮೇಲೆಯೇ, ನಿಂತಾಗ ಗಾಡಿಯ ಭಾರ ಮೊಣಕಾಲ ಮೇಲೆ.

ಆಪರೇಷನ್ ಪ್ರಶ್ನೆ. ಮೊಣಕಾಲು ಬದಲಿಸಿಕೊಂಡವರು ಮತ್ತೆ ಓಡಿಸುತ್ತಾರೆ. ಬಲಗಾಲಾದರೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು, ಬ್ರೇಕ್ ತುಳಿಯುವ ಚುರುಕು ಮರಳಲು ಅಷ್ಟು ಸಮಯ ಹಿಡಿಯುತ್ತದೆ. ಎಡಗಾಲಾಗಿ ಆಟೋಮ್ಯಾಟಿಕ್ ಇದ್ದರೆ ಇನ್ನೂ ಬೇಗ. ಗಟ್ಟಿ ನೋವಿನ ಗುಳಿಗೆ ನಿಂತಿರಬೇಕು, ಆಪರೇಷನ್ ಮಾಡಿದವರು ಒಪ್ಪಿರಬೇಕು. ಆದರೆ ನಿಮ್ಮ ಸವೆತ ಈಗಷ್ಟೇ ಶುರುವಾಗಿದೆ. ಆಪರೇಷನ್ ಮಾತು ಈಗ ಬೇಕಿಲ್ಲ.

ಲೈಸೆನ್ಸ್ ಬಗ್ಗೆ ಹೆದರಬೇಡಿ. ಸಂಧಿವಾತ ಅನ್ನುವ ಹೆಸರಿಗೇ ಯಾರೂ ರದ್ದು ಮಾಡುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 16ನೇ ಕಲಮಿನ ಪ್ರಕಾರ, ಕಾಯಿಲೆಯಿಂದಾಗಿ ಓಡಿಸಲು ಯೋಗ್ಯರಲ್ಲ ಅಂತ ನಂಬಲು ಕಾರಣ ಇದ್ದರೆ ಮಾತ್ರ ಹಿಂಪಡೆಯಬಹುದು. 40 ದಾಟಿದವರು ರಿನೀವಲ್‌ಗೆ ಫಾರ್ಮ್ 1-ಎ, ಅಂದರೆ ಡಾಕ್ಟರ ಸರ್ಟಿಫಿಕೇಟ್ ಕೊಡಬೇಕು. ಅದರಲ್ಲಿ ಕಣ್ಣು, ಕಿವಿ, ಕೈಕಾಲಿನ ಊನ ಓಡಿಸಲು ಅಡ್ಡಿಯಾಗುತ್ತದಾ ಅಂತ ಕೇಳಿರುತ್ತದೆ. ಏಜೆಂಟರು "ನೀವು ಬರೋದೇ ಬೇಡ" ಅಂದರೂ ಒಪ್ಪಬೇಡಿ. ನಿಮ್ಮನ್ನು ನಿಜವಾಗಿ ಪರೀಕ್ಷಿಸಿದ ಡಾಕ್ಟರಿಂದಲೇ ಬರೆಸಿ. 50 ತುಂಬಿದವರಿಗೆ 55 ತುಂಬುವುದರೊಳಗೆ ರಿನೀವಲ್ ಆದರೆ 60 ವರ್ಷದವರೆಗೆ ನಡೆಯುತ್ತದೆ, 55 ದಾಟಿದ ಮೇಲೆ 5 ವರ್ಷಕ್ಕೊಮ್ಮೆ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು.

ಯಾವ ದಿನ ಗಾಡಿ ಮುಟ್ಟಲೇಬಾರದು ಅಂತಲೂ ಹೇಳಿಬಿಡುತ್ತೇನೆ. ಕೀಲು ಊದಿ ಬಿಸಿಯಾಗಿ ಮುಷ್ಟಿ ಕಟ್ಟಲು ಆಗದ ದಿನ, ಬ್ರೇಕಿನ ಪರೀಕ್ಷೆಯಲ್ಲಿ ಅಳುಕಿದ ದಿನ, ರಾತ್ರಿ ನೋವಿಗೆ ನಿದ್ದೆ ಬಾರದ ಮಾರನೇ ದಿನ. ಒಂದೇ ಕೀಲು ದಿಢೀರನೆ ಕೆಂಪಾಗಿ ಊದಿ ಜ್ವರವೂ ಬಂದರೆ ಅದು ಮಾಮೂಲಿ ಉಲ್ಬಣ ಇರಲಿಕ್ಕಿಲ್ಲ, ಕೀಲಿಗೆ ಸೋಂಕು ತಗಲಿರಬಹುದು. ಮೆಥೊಟ್ರೆಕ್ಸೇಟ್ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಔಷಧ, ಅದನ್ನು ತೆಗೆದುಕೊಳ್ಳುವವರು ಅಂದೇ ಆಸ್ಪತ್ರೆ ಸೇರಬೇಕು, ಬೇರೆಯವರ ಗಾಡಿಯಲ್ಲಿ.

ಮಗನಿಗೆ ನನ್ನ ಮಾತು. "ಬಿಟ್ಟುಬಿಡು" ಅನ್ನುವ ಮೊದಲು ಅವ್ವನ ಪಕ್ಕ ಕೂತು ಒಮ್ಮೆ ಶಾಲೆಯವರೆಗೆ ಹೋಗಿ ಬಾರಪ್ಪಾ. ತಿರುವಿನಲ್ಲಿ ಗಾಡಿ ಎದುರಿನ ಪಟ್ಟೆಗೆ ಸರಿಯುತ್ತದಾ, ಹಂಪು ಕಂಡಾಗ ಬ್ರೇಕ್ ತಡವಾಗುತ್ತದಾ, ಕನ್ನಡಿ ನೋಡದೆ ಪಕ್ಕಕ್ಕೆ ಸರಿಯುತ್ತಾರಾ ನೋಡು. ಕಂಡದ್ದನ್ನು ಮನೆಗೆ ಬಂದ ಮೇಲೆ ಹೇಳು, ಓಡಿಸುವಾಗ ಬೇಡ. ಹಾಗೇನೂ ಕಾಣದಿದ್ದರೆ ಅವರನ್ನು ಬಿಡು.

ಅಕ್ಕೋರೇ, ಬೆಳಗಾವಿಗೆ ತೋರಿಸಲು ಬರುವ ದಿನ ಮಾತ್ರ ಮಗನೇ ಓಡಿಸಲಿ. ಯರಗಟ್ಟಿ ಮೇಲೆ ಬಂದರೆ ಎರಡು ತಾಸಿಗೂ ಹೆಚ್ಚು ಕೂರಬೇಕು. ಮುಕ್ಕಾಲು ತಾಸಿಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಕುತ್ತಿಗೆಯ ಎಕ್ಸ್-ರೇ, ಕಣ್ಣಿನ ಡಾಕ್ಟರ ಚೀಟಿ, ನುಂಗುವ ಎಲ್ಲ ಗುಳಿಗೆಗಳ ಪಟ್ಟಿ, ಮೆಡಿಕಲ್ ಅಂಗಡಿಯಲ್ಲಿ ನೀವಾಗಿ ಕೊಂಡದ್ದೂ ಸೇರಿ, ಎಲ್ಲ ತನ್ನಿ. ಶನಿವಾರದ ಮುಂಜಾನೆಯ ವಿಚಾರವನ್ನು ನಿಮ್ಮ ಡಾಕ್ಟರಿಗೆ ಮರೆಯದೆ ಹೇಳಿ. ಬಿಗಿತ ಒಂದು ತಾಸಿನಾಚೆಗೂ ಉಳಿಯುತ್ತಿದ್ದರೆ ಕಾಯಿಲೆ ಇನ್ನೂ ಹತೋಟಿಗೆ ಬಂದಿಲ್ಲ ಅಂತ ಅರ್ಥ, ಔಷಧದ ಪ್ರಮಾಣವನ್ನು ಅವರು ಮತ್ತೊಮ್ಮೆ ನೋಡಬೇಕಾಗುತ್ತದೆ.